ಬಾವನ ಗಡ್ಡ, ನನ್ನ ರೇಜರ್

ನಾನು ಶಾಲೆ ಬಿಟ್ಟದ್ದು ೧೯೭೧ರಲ್ಲಿ, ಏಳನೆಯ ಕ್ಲಾಸಿನ ಪರೀಕ್ಷೆ ಬರೆದ ಮೇಲೆ. ಪಾಸಾಗಿದ್ದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಫೇಲಾಗಿ ಬಿಟ್ಟವ ಎಂದು ಬೆಳ್ಳಾರೆ ಪೇಟೆಯಲ್ಲಿ ಕೆಲವರು ಈಗಲೂ ತಿಳಿದುಕೊಂಡಿದ್ದಾರೆ. ಆ ವರ್ಷ ತಂದೆ ತೀರಿಹೋದರು. ಮನೆಯಲ್ಲಿ ಅಮ್ಮ, ಸಣ್ಣ ತಂಗಿ. ಮರ ಕೊಯ್ಯುವ ಒಬ್ಬ ಅಜ್ಜನ ಹಿಂದೆ ಹೋದೆ. ಆಳೆತ್ತರದ ಗರಗಸ, ಹೊಂಡದ ಮೇಲೆ ಅಡ್ಡಡ್ಡ ಮಲಗಿಸಿದ ಮರ, ಮೇಲೆ ಒಬ್ಬ, ಹೊಂಡದೊಳಗೆ ಒಬ್ಬ. ಆರು ವರ್ಷ ನಾನು ಹೊಂಡದಲ್ಲಿದ್ದೆ. ಅಜ್ಜನಿಗೆ ಕೈಲಾಗದಾದ ಮೇಲೆ ಮೇಲಕ್ಕೆ ಹತ್ತಿದೆ. ಮೇಲಿನವನೇ ಮೇಸ್ತ್ರಿ. ಗೆರೆ ಹಿಡಿಯುವವನು ಅವನು. ಹಲಗೆ ಓರೆಯಾದರೆ ಹೆಸರು ಹೋಗುವುದೂ ಅವನದ್ದೇ.

ಗಡ್ಡದ ವಿಷಯಕ್ಕೆ ಬರುತ್ತೇನೆ. ನಮ್ಮ ಶಾಲೆಯ ಮಾಸ್ಟ್ರು ದಿನಾ ಗಡ್ಡ ತೆಗೆದು ಬರುತ್ತಿದ್ದರು. ಮರದ ಕೆಲಸದವರಲ್ಲಿ ಅಂಥವರು ಯಾರೂ ಇರಲಿಲ್ಲ. ವಾರಕ್ಕೊಮ್ಮೆ ಪೇಟೆಯ ಕಟಿಂಗ್ ಶಾಪಿನ ಬೆಂಚಿನಲ್ಲಿ ಸರದಿ ಕಾಯುವುದು. ಅಲ್ಲಿ ಪೇಪರ್ ಓದುವವರು ನನ್ನನ್ನು ನೋಡಿ, "ನಿನಗೆ ಓದ್ಲಿಕ್ಕೆ ಬರ್ತದಾ, ನಾನು ದೊಡ್ಡದಾಗಿ ಓದ್ಬೇಕಾ?" ಎಂದು ಕೇಳುತ್ತಿದ್ದರು. ನಗಾಡಲಿಕ್ಕೆ ಕೇಳುವುದು. ನನಗೆ ಮೈ ಉರಿಯುತ್ತಿತ್ತು. ಈ ಬೆಂಚೇ ಬೇಡ, ನನ್ನ ಮುಖ ನಾನೇ ನೋಡಿಕೊಳ್ಳುತ್ತೇನೆ, ಅದೂ ದಿನಾ, ಎಂದು ನಿಶ್ಚಯ ಮಾಡಿದೆ.

ಪುತ್ತೂರಿನಲ್ಲಿ ಹಳೆ ಪಾತ್ರೆ ತೆಗೆದುಕೊಂಡು ಹೊಸದು ಕೊಡುವ ಒಂದು ಅಂಗಡಿ ಇತ್ತು. ೧೯೮೦ರಲ್ಲಿ ಅಮ್ಮನಿಗೆ ಚೆಂಬು ತರಲು ಹೋದಾಗ, ಮುರಿದ ದೀಪ, ತೂತು ಬಿದ್ದ ತಂಬಿಗೆಗಳ ರಾಶಿಯಲ್ಲಿ ಒಂದು ರೇಜರ್ ಕಂಡಿತು. ಎರಡು ಬದಿಗೂ ಬಾಯಿ ಇರುವ ಬ್ಲೇಡು ಹಾಕುವಂಥದ್ದು. ಹಿಡಿ ತಿರುಗಿಸಿದರೆ ತಲೆ ಬಿಚ್ಚಿ ಮೂರು ತುಂಡಾಗುತ್ತದೆ. ಕೈಯಲ್ಲಿ ಹಿಡಿದರೆ ಸಣ್ಣ ಸುತ್ತಿಗೆಯ ಭಾರ.

"ಮಿಲಿಟ್ರಿಯಿಂದ ಪೆನ್ಶನ್ ಆಗಿ ಬಂದವರ ಮನೆಯದ್ದು. ಇಡೀ ಹಿತ್ತಾಳೆ" ಎಂದ ಅಂಗಡಿಯವ.

"ಇಡೀ ಅಂತ ಹೇಗೆ ಗೊತ್ತು? ಒಳಗೆ ಕಬ್ಬಿಣ, ಮೇಲಿಂದ ಬಣ್ಣ ಇರ್ಬಹುದು."

"ಬೇಕಾದ್ರೆ ಕಚ್ಚಿ ನೋಡಿ ಮಾರಾಯ್ರೆ."

ನಾನು ಕಚ್ಚಲಿಲ್ಲ. ಗರಗಸದ ಹಲ್ಲು ಚೂಪು ಮಾಡುವ ಮೂರು ಮೂಲೆಯ ಅರ ಯಾವಾಗಲೂ ಚೀಲದಲ್ಲಿರುತ್ತಿತ್ತು. ಅದನ್ನು ತೆಗೆದು ಹಿಡಿಯ ಬುಡಕ್ಕೆ ಎರಡು ಗೀರು ಎಳೆದೆ. ಒಳಗೂ ಹಳದಿ. ಅಂಗಡಿಯವ ತಲೆ ಮೇಲೆ ಕೈ ಇಟ್ಟುಕೊಂಡ. "ನಿಮಗೆ ಹೆಣ್ಣು ಕೊಡುವವರನ್ನು ದೇವರೇ ಕಾಪಾಡ್ಬೇಕು" ಎಂದು ಹೇಳಿ, ಚೆಂಬಿನ ಜೊತೆಗೆ ಅದನ್ನೂ ತಕ್ಕಡಿಗೆ ಹಾಕಿ ತೂಗಿದ.

ಮೊದಲ ವಾರ ಗಲ್ಲದಲ್ಲಿ ಮೂರು ಕಡೆ ರಕ್ತ ಬಂತು. ಗರಗಸ ಎಳೆಯುವ ಕೈ, ಒತ್ತಿ ಹಿಡಿಯುವ ಅಭ್ಯಾಸ. ಈ ರೇಜರಿಗೆ ಒತ್ತಬಾರದು ಎಂದು ತಿಳಿಯಲಿಕ್ಕೆ ಅಷ್ಟು ದಿನ ಹೋಯಿತು. ಅದರ ಭಾರವೇ ಸಾಕು. ಹಿಡಿಯ ತುದಿಯನ್ನು ಮೂರು ಬೆರಳಿನಲ್ಲಿ ಹಿಡಿದು, ಕೆನ್ನೆಯ ಮೇಲೆ ಇಟ್ಟು ಬಿಟ್ಟರೆ ಅದೇ ಇಳಿಯುತ್ತದೆ. ಬಿಸಿನೀರಿನ ಹಂಡೆಯ ಪಕ್ಕ, ಬಚ್ಚಲಿನ ಗೂಡಿನಲ್ಲಿ ಕನ್ನಡಿ ಒರಗಿಸಿ ಬೆಳಿಗ್ಗೆ ಬೆಳಿಗ್ಗೆ ನಿಲ್ಲುತ್ತಿದ್ದೆ. ಗರ್ ಗರ್ ಎಂದು ಸಣ್ಣ ಶಬ್ದ. ಒಳ್ಳೆ ಹಲ್ಲಿನ ಗರಗಸ ಒಳ್ಳೆ ಮರದಲ್ಲಿ ಹೋಗುವಾಗ ಬರುವ ಶಬ್ದದ ಹಾಗೆ. ಒಂದು ಬ್ಲೇಡು ಎಂಟು ದಿನ ಬರುತ್ತಿತ್ತು. ಅಂದಾಜಿಗೆ ಹೇಳುವುದಲ್ಲ. ಬ್ಲೇಡಿನ ಕಾಗದದ ಮೇಲೆ ದಿನಾ ಪೆನ್ಸಿಲಿನಲ್ಲಿ ಗೆರೆ ಹಾಕುತ್ತಿದ್ದೆ.

ಮರುವರ್ಷ ತಂಗಿಯನ್ನು ಪೆರಾಬೆಗೆ ಮದುವೆ ಮಾಡಿ ಕೊಟ್ಟೆವು. ತಂಗಿಯ ಗಂಡ ನನಗೆ ಬಾವ, ಅವರಿಗೆ ನಾನೂ ಬಾವ. ಗಟ್ಟಿ ಆಳು, ಬಾಯಿಯೂ ಗಟ್ಟಿ. ನನ್ನ ಕೆಳಗೆ ಹೊಂಡದಲ್ಲಿ ನಿಲ್ಲುತ್ತಿದ್ದವ ಆಗ ಕೆಲಸ ಬಿಟ್ಟಿದ್ದ. ಬಾವನೇ ಬಂದರು. ಎರಡು ತಿಂಗಳಲ್ಲಿ ನಮ್ಮ ಕೈ ಹೊಂದಿಕೊಂಡಿತು. ನಾನು ಎಳೆಯುವಾಗ ಅವರು ಸಡಿಲ ಬಿಡಬೇಕು, ಅವರು ಎಳೆಯುವಾಗ ನಾನು. ಅದು ಹೇಳಿ ಕೊಟ್ಟು ಬರುವುದಲ್ಲ. ಕೆಲಸದ ದಿನಗಳಲ್ಲಿ ನಮ್ಮಲ್ಲಿಯೇ ಊಟ, ಮಲಗುವುದು. ಸುಳ್ಯದ ಕಡೆಯಿಂದಲೂ ನಮ್ಮನ್ನು ಕರೆಯಲು ಜನ ಬರುತ್ತಿದ್ದರು.

ಆಮೇಲೆ ತಂಗಿ ಬಸುರಿಯಾದಳು. ಚೊಚ್ಚಲ ಬಾಣಂತನಕ್ಕೆ ನಮ್ಮ ಮನೆಗೆ ಬಂದಳು. ನಮ್ಮಲ್ಲಿ ಹೆಂಡತಿ ಬಸುರಿಯಾದರೆ ಗಂಡ ಗಡ್ಡ ತೆಗೆಯುವ ಕ್ರಮ ಇಲ್ಲ. ಮಗು ಹುಟ್ಟಿ, ಹೆರಿಗೆಯ ಸೂತಕ ಕಳೆದ ಮೇಲೆಯೇ ತೆಗೆಯುವುದು. ಮಧ್ಯದಲ್ಲಿ ತೆಗೆದರೆ ಹೊಟ್ಟೆಯಲ್ಲಿರುವುದಕ್ಕೆ ಒಳ್ಳೆಯದಲ್ಲ ಎಂದು ಅಮ್ಮ ಹೇಳುತ್ತಿದ್ದರು. ನಾನೂ ನಂಬಿದ್ದೆ. ಬಾವನಿಗೆ ಗಡ್ಡ ಬೆಳೆಯಿತು. ಹೊಂಡದಲ್ಲಿ ನಿಂತವರಿಗೆ ಮರದ ಹುಡಿ ನೇರ ಮುಖಕ್ಕೆ ಬೀಳುತ್ತದೆ. ಗಡ್ಡದೊಳಗೆ ಹೋದರೆ ತುರಿಕೆ. "ಬಾವ, ನನ್ನ ಗಡ್ಡದಲ್ಲಿ ಒಂದು ಬಾಗಿಲು ಮಾಡುವಷ್ಟು ಮರ ಉಂಟು" ಎಂದು ಊಟಕ್ಕೆ ಕೂರುವ ಮೊದಲು ಕೊಡವಿಕೊಳ್ಳುತ್ತಿದ್ದರು.

ಆ ಸಮಯದಲ್ಲೇ ನನ್ನ ಬ್ಲೇಡು ಹಾಳಾಗಲಿಕ್ಕೆ ಶುರುವಾಯಿತು.

ಒಂದು ಬೆಳಿಗ್ಗೆ ಇಟ್ಟ ಕೂಡಲೇ ಕೂದಲು ಹಿಡಿದು ಎಳೆಯಿತು. ಕಾಗದ ನೋಡಿದರೆ ಮೂರೇ ಗೆರೆ. ಬ್ಲೇಡಿನವರೇ ಮೋಸ ಮಾಡಿದ್ದು ಎಂದು ಹೊಸದು ಹಾಕಿದೆ. ಮುಂದಿನ ವಾರ ಪುನಃ ಹಾಗೆಯೇ. ರೇಜರ್ ಎತ್ತಿ ನೋಡಿದೆ. ನಾನು ಇಡುವುದು ಹಿಡಿ ಗೋಡೆಯ ಬದಿಗೆ. ಈಗ ತಲೆ ಗೋಡೆಯ ಬದಿಗೆ ಉಂಟು. ಅಲ್ಲದೆ ಅದು ಮಿನುಗುತ್ತಿತ್ತು. ನಾನು ಬರೇ ನೀರಿನಲ್ಲಿ ತೊಳೆದು ಇಡುವವ, ದಿನದಿಂದ ದಿನಕ್ಕೆ ಕಪ್ಪಾಗಬೇಕಿತ್ತು. ಮೂಸಿದೆ. ಹುಳಿ ಹುಳಿ ವಾಸನೆ. ಬೆವರಿನ ವಾಸನೆ ಎಂದುಕೊಂಡೆ.

ಮನೆಯಲ್ಲಿ ಗಡ್ಡ ಇರುವವರು ಇಬ್ಬರೇ. ಒಬ್ಬ ನಾನು.

ಅಂದಿನಿಂದ ಬಾವನ ಮುಖವನ್ನು ಗೆರೆ ನೋಡುವ ಕಣ್ಣಿನಲ್ಲಿ ನೋಡತೊಡಗಿದೆ. ಕೆನ್ನೆಯಲ್ಲಿ ದಟ್ಟ ಇದ್ದ ಗಡ್ಡ ಗಲ್ಲದ ಅಡಿಯಲ್ಲಿ, ಕುತ್ತಿಗೆಯ ಹತ್ತಿರ ಗಿಡ್ಡ ಇತ್ತು. ತಲೆ ಎತ್ತಿದರೆ ಮಾತ್ರ ಕಾಣುವ ಜಾಗ. ತುರಿಕೆ ತಡೆಯದೆ ಅಡಿಯಿಂದ ಮಾತ್ರ ತೆಗೆಯುತ್ತಿದ್ದಾರೆ, ಯಾರಿಗೂ ಕಾಣಬಾರದೆಂದು. ನನ್ನ ಲೆಕ್ಕ ಸರಿಯಾಗಿ ಕೂತಿತು. ಆದರೂ ಪರೀಕ್ಷೆ ಮಾಡದೆ ಹೇಳುವವ ನಾನಲ್ಲ. ಮರಕ್ಕೆ ಗೆರೆ ಹೊಡೆಯುವ ಮಸಿ ನೂಲಿನ ಒಂದು ಎಳೆಯನ್ನು ರೇಜರಿನ ಕುತ್ತಿಗೆಗೆ ಸುತ್ತಿ ಇಟ್ಟೆ. ಬುಧವಾರ ಇತ್ತು. ಗುರುವಾರ ಬೆಳಿಗ್ಗೆ ನಾನೇ ಬಿಚ್ಚಿ, ಗಡ್ಡ ತೆಗೆದು, ಪುನಃ ಸುತ್ತಿದೆ. ಶುಕ್ರವಾರ ಬೆಳಿಗ್ಗೆ ನೋಡಿದರೆ ನೂಲು ಇಲ್ಲ, ಬ್ಲೇಡು ಮೊಂಡ.

ಮನೆಯ ಹೆಂಗಸರನ್ನು ಒಂದು ಮಾತು ಕೇಳಬೇಕೆಂದು ನನಗೆ ಹೊಳೆಯಲೇ ಇಲ್ಲ. ಗಡ್ಡ ಇಲ್ಲದವರಿಗೆ ರೇಜರಿನಲ್ಲಿ ಎಂತ ಕೆಲಸ?

ಆ ಶುಕ್ರವಾರ ಬೆಳ್ಳಾರೆಯ ಹತ್ತಿರವೇ ಒಂದು ದೊಡ್ಡ ಹಲಸಿನ ಮರ ಕೊಯ್ಯುತ್ತಿದ್ದೆವು. ಹೊಸ ಮನೆಯ ಬಾಗಿಲಿಗೆ. ಮನೆ ಕಟ್ಟಿಸುವ ಯಜಮಾನರು, ಮರ ಹೊರುವ ನಾಲ್ಕು ಜನ ಅಲ್ಲೇ ಇದ್ದರು. ಅರ್ಧ ಮರ ಆದಾಗ ಬಾವ ಹೊಂಡದಿಂದ ಕೂಗಿದರು.

"ಬಾವ, ಇವತ್ತು ಎಂತ ನಿಮ್ಮ ಕೈ ಭಾರ? ಗರಗಸದ ಮೇಲೆ ಕೂತಿದ್ದೀರಾ?"

"ನನ್ನ ಕೈ ಸರಿ ಉಂಟು. ನಿಮ್ಮ ಕೈ ಎಲ್ಲೆಲ್ಲಿಗೆ ಹೋಗ್ತದೆ ಅಂತ ನೋಡಿಕೊಳ್ಳಿ."

"ಹಾಗಂದ್ರೆ?"

"ಗಲ್ಲದ ಅಡಿಯ ಗಡ್ಡ ಎಲ್ಲಿಗೆ ಹೋಯ್ತು ಅಂತ ಕೇಳಿದ್ದು. ನನ್ನ ತಂಗಿ ಹೊಟ್ಟೆ ಹೊತ್ತುಕೊಂಡಿದ್ದಾಳೆ. ನಿಮಗೆ ಒಂದು ತುರಿಕೆ ತಡೀಲಿಕ್ಕೆ ಆಗುದಿಲ್ವಾ? ಅದೂ ಇನ್ನೊಬ್ಬನ ರೇಜರಿನಲ್ಲಿ."

ಹೊರುವವರಲ್ಲಿ ಒಬ್ಬ ನಕ್ಕ. ಬಾವ ಗರಗಸದ ಕೆಳಗಿನ ಹಿಡಿ ಬಿಚ್ಚಿ, ಹೊಂಡದ ಅಂಚಿನಲ್ಲಿ ಇಟ್ಟು, ಮೇಲೆ ಬಂದರು. ಮುಖಕ್ಕೆ ಕಟ್ಟಿದ್ದ ಬೈರಾಸು, ಅದೇ ಹೆಗಲಿನ ಟವೆಲು, ಬಿಚ್ಚಿ ಕೊಡವಿದರು. ಯಾವಾಗಲೂ ಉತ್ತರ ಕೊಡುವ ಮನುಷ್ಯ. "ನನ್ನ ಮಗುವಿನ ವಿಷಯ ಎತ್ತಿ ಹೇಳಿದಿರಲ್ಲ ಬಾವ" ಎಂದರು, ಅಷ್ಟೇ. ಸೀದಾ ಬಸ್ಸಿನ ಕಡೆ ನಡೆದರು.

ಕಳ್ಳ ಸಿಕ್ಕಿಬಿದ್ದ ಎಂದೇ ನಾನು ತಿಳಿದೆ. ಬಾವನಿಗೆ ಪೆರಾಬೆಯಲ್ಲಿ ಕೆಲಸ ಉಂಟಂತೆ, ಹೋದರು ಎಂದು ಮನೆಯಲ್ಲಿ ಸುಳ್ಳು ಹೇಳಿದೆ.

ಶನಿವಾರ ಬೇರೆ ಒಬ್ಬನನ್ನು ಕರೆದುಕೊಂಡು ಬಂದೆ. ಅವನಿಗೆ ಎಳೆಯುವುದು ಗೊತ್ತು, ಬಿಡುವುದು ಗೊತ್ತಿಲ್ಲ. ಎರಡು ಗೇಣು ಹೋಗುವುದರೊಳಗೆ ಗರಗಸ ಗೆರೆಯಿಂದ ಆಚೆ ಹೋಯಿತು. ಯಜಮಾನರು ಬಂದು ನೋಡಿ, "ಇದು ಬಾಗಿಲಿಗಾ, ದೋಣಿಗಾ?" ಎಂದು ಕೇಳಿದರು. "ನಿನ್ನ ಬಾವ ಬಂದ್ರೆ ಕೊಯ್ಯಿ. ಇಲ್ಲದಿದ್ರೆ ಹತ್ತು ದಿನ ನೋಡಿ ಮಿಲ್ಲಿಗೆ ಸಾಗಿಸ್ತೇನೆ." ಹತ್ತು ವರ್ಷ ದುಡಿದು ಮಾಡಿದ ಹೆಸರು. ತಂಗಿ ದಿನಾ ಸಂಜೆ ಅಂಗಳದ ತುದಿಗೆ ಹೋಗಿ ನಿಲ್ಲುತ್ತಿದ್ದಳು. "ಅಣ್ಣ, ಅವರು ಯಾವಾಗ ಬರ್ತಾರೆ ಅಂತ ಹೇಳಿದ್ದಾರೆ?" ನಾನು ಅರ ತೆಗೆದು, ಮೊದಲೇ ಚೂಪಿದ್ದ ಹಲ್ಲುಗಳನ್ನು ಇನ್ನೊಮ್ಮೆ ಉಜ್ಜುತ್ತಿದ್ದೆ.

ಕೆಲಸ ಇಲ್ಲದ ಕಾರಣ ಗುರುವಾರ ಮಧ್ಯಾಹ್ನ ಮನೆಯಲ್ಲಿದ್ದೆ. ಅಷ್ಟು ವರ್ಷದಲ್ಲಿ ಗುರುವಾರ ಮಧ್ಯಾಹ್ನ ನಾನು ಮನೆಯಲ್ಲಿ ಇದ್ದದ್ದೇ ಇಲ್ಲ. ನೀರು ಕುಡಿಯಲು ಬಾವಿಕಟ್ಟೆಯ ಕಡೆ ಹೋದೆ. ಅಮ್ಮ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಶುಕ್ರವಾರದ ಪೂಜೆಗೆ ದೀಪ ತೊಳೆಯುತ್ತಿದ್ದರು. ಜಜ್ಜಿದ ಬಿಂಬುಳಿ ಕಾಯಿ, ಬೂದಿ, ತೆಂಗಿನ ನಾರು. ಕಾಲ್ದೀಪ ಎರಡು, ಆರತಿ, ಗಂಟೆ, ಹೊಸ ಚೆಂಬು, ಸಾಲಾಗಿ. ಗಂಟೆಗೂ ಚೆಂಬಿಗೂ ನಡುವೆ ನನ್ನ ರೇಜರ್, ಬ್ಲೇಡು ಸಮೇತ, ಹುಳಿ ಮೆತ್ತಿಕೊಂಡು ಬಿಸಿಲಿನಲ್ಲಿ ಮಲಗಿತ್ತು.

"ಅಮ್ಮ, ಇದು ಎಂತ?"

"ಹಿತ್ತಾಳೆ ಅಲ್ವಾ ಮಗ. ನೀನು ಇಟ್ಟ ಹಾಗೆ ಬಿಟ್ರೆ ಕಿಲುಬು ಹಿಡೀತದೆ. ದೀಪದ ಜೊತೆ ಇದಕ್ಕೂ ಸ್ವಲ್ಪ ಹುಳಿ ಹಾಕಿ ಇಟ್ಟು ತೊಳೀತೇನೆ."

"ಯಾವಾಗಿನಿಂದ?"

"ಬೇಸಗೆಯಲ್ಲಿ ಬಿಂಬುಳಿ ಆದಾಗಿನಿಂದ. ಅದಕ್ಕೆ ನೀನು ಎಂತದೋ ನೂಲು ಸುತ್ತಿದ್ದಿ, ಮಸಿ ನೂಲು. ತೆಗೆದು ಬಿಸಾಡಿದೆ." ಹೆಬ್ಬೆರಳು ತೋರಿಸಿದರು. ಅರಸಿನ ಮೆತ್ತಿತ್ತು. "ಬದಿ ಒಂದು ಹರಿತ ಉಂಟು ಮಾತ್ರ. ಮೀನು ಕತ್ತಿಯ ಹಾಗೆ."

ಬಿಂಬುಳಿಯ ಹುಳಿ ಹಿತ್ತಾಳೆಯನ್ನು ಬೆಳಗುತ್ತದೆ, ಬ್ಲೇಡಿನ ಬಾಯಿಯನ್ನು ತಿನ್ನುತ್ತದೆ. ದಿನಾ ಗರಗಸದ ಹಲ್ಲು ಉಜ್ಜುವ ನನಗೆ ಅದು ಗೊತ್ತಿರಬೇಕಿತ್ತು. ಬಾವ ಹೋದ ಮೇಲೂ ಬ್ಲೇಡು ಮೊಂಡಾದರೆ ಎಂತ ಹೇಳುತ್ತಿದ್ದೆನೋ. ಇನ್ನೊಬ್ಬರ ಮೇಲೆ ಹೇಳುತ್ತಿದ್ದೆ.

ಮರುದಿನ ಎರಡು ಬಸ್ಸು ಬದಲಿಸಿ, ಆಲಂಕಾರಿನಲ್ಲಿ ಇಳಿದು, ಪೆರಾಬೆಗೆ ನಡೆದೆ. ರೇಜರನ್ನು ಕಾಗದದಲ್ಲಿ ಸುತ್ತಿ ಕಿಸೆಯಲ್ಲಿಟ್ಟಿದ್ದೆ. ಬಾವ ದನದ ಹಟ್ಟಿಯ ಹತ್ತಿರ ಸೌದೆ ಒಡೆಯುತ್ತಿದ್ದರು. ಕೊಡಲಿ ನಿಲ್ಲಿಸಲಿಲ್ಲ. ಅಮ್ಮ, ದೀಪ, ಬಿಂಬುಳಿ, ನೂಲು, ಎಲ್ಲ ಹೇಳಿ ಮುಗಿಸಿದೆ.

"ಆಯ್ತಾ?" ಎಂದರು. "ಅತ್ತೆ ತೊಳೆದ ಕತೆ ಹೇಳ್ಲಿಕ್ಕೆ ಬಂದದ್ದಾ, ಬೇರೆ ಎಂತಾದ್ರೂ ಉಂಟಾ?"

"ತಪ್ಪಾಯ್ತು ಬಾವ."

ಆ ಮಾತನ್ನು ಅದಕ್ಕೆ ಮೊದಲು ಯಾರಿಗೂ ಹೇಳಿದ ನೆನಪಿಲ್ಲ. ಕಾಗದ ಬಿಚ್ಚಿ ರೇಜರ್ ಮುಂದೆ ಹಿಡಿದೆ, ಇಟ್ಟುಕೊಳ್ಳಿ ಎಂದೆ. ಅವರು ಮುಟ್ಟಲಿಲ್ಲ.

"ಅದು ನಿಮ್ಮದು. ನಾನು ತೆಗೊಂಡ್ರೆ ನಾಳೆ ಗೂಡು ಖಾಲಿ ನೋಡಿ ಪುನಃ ಸಂಶಯ ಬಂದೀತು. ನಾನು ಬರ್ತೇನೆ. ಆದ್ರೆ ಮಗು ಹುಟ್ಟುವವರೆಗೆ ಮೇಲೆ ನಾನು ನಿಲ್ಲುದು. ಹೊಂಡಕ್ಕೆ ನೀವು ಇಳೀಬೇಕು. ಆ ಮರದಿಂದಲೇ, ಆ ಜನರ ಎದುರೇ."

ನಾನು ದಾರಿಯುದ್ದಕ್ಕೂ ಯೋಚಿಸಿದೆ. ಮೇಸ್ತ್ರಿ ಹೊಂಡಕ್ಕೆ ಇಳಿದರೆ ಊರು ಎಂತ ಹೇಳೀತು? ಬಾವ ಬೇಕೆಂದೇ ನನ್ನ ಜಾಗ ಹಿಡಿಯುತ್ತಿದ್ದಾರಾ ಎಂದು ಅದರಲ್ಲೂ ಒಂದು ಸಂಶಯ. ಆದರೂ ಸೋಮವಾರ ಬೆಳಿಗ್ಗೆ ಇಳಿದೆ. ಯಜಮಾನರು ಒಮ್ಮೆ ಕೆಮ್ಮಿ ಬೇರೆ ಕಡೆ ನೋಡಿದರು. ಅವತ್ತು ನಕ್ಕವನು ಈ ಸಲವೂ ನಕ್ಕ. ಬಾವ ಗೆರೆ ಬಿಡದೆ ಕೊಯ್ದರು. ಹಲಸಿನ ಹಳದಿ ಹುಡಿ ಆಗಷ್ಟೇ ಗಡ್ಡ ತೆಗೆದ ನನ್ನ ಮುಖಕ್ಕೆ ಬಿದ್ದು, ಬೆವರಿಗೆ ಅಂಟಿ, ಬೆಂಕಿ ಇಟ್ಟ ಹಾಗಾಯಿತು. ಬೈರಾಸು ಕಟ್ಟಿಕೊಂಡೆ. ಮೂಗಿನಿಂದ ಕೆಳಗೆ ಮುಚ್ಚಿ ಹಿಂದೆ ಗಂಟು. ಪ್ರತಿ ಸಲ ತಲೆ ಎತ್ತಿ ಇಳಿಸುವಾಗ ಬೈರಾಸಿನ ಅಂಚು ಗಲ್ಲದ ಅಡಿಯಲ್ಲೇ ಉಜ್ಜುತ್ತದೆ, ದಿನಕ್ಕೆ ಸಾವಿರ ಸಲ. ಒಂದು ವಾರದಲ್ಲಿ ನನ್ನ ಆ ಜಾಗ ಸಿಪ್ಪೆ ಸುಲಿದ ಹಾಗೆ ಆಯಿತು. ಹಿಂದೆ ಆರು ವರ್ಷ ಹೊಂಡದಲ್ಲಿದ್ದಾಗ ನನಗೆ ಗಡ್ಡ ಸರಿಯಾಗಿ ಬಂದಿರಲಿಲ್ಲ. ಬಾವನ ಗಡ್ಡ ಹೋದದ್ದು ಎಲ್ಲಿಗೆ ಎಂದು ಇನ್ನು ಯಾರೂ ಹೇಳಬೇಕಾಗಿರಲಿಲ್ಲ.

ಮೂರು ತಿಂಗಳ ಮೇಲೆ ಹೆಣ್ಣು ಮಗು ಹುಟ್ಟಿತು. ಸೂತಕ ಕಳೆದ ದಿನ ಬಾವ ನಮ್ಮ ಅಂಗಳದಲ್ಲಿ ಸ್ಟೂಲು ಹಾಕಿ ಕೂತರು. "ಬನ್ನಿ ಬಾವ, ನೀವೇ ತೆಗೀರಿ. ಗಲ್ಲದ ಅಡಿಯಿಂದ ಶುರು ಮಾಡಿ, ನಿಮಗೆ ಅದು ಗೊತ್ತಿರುವ ಜಾಗ." ಕತ್ತರಿಯಿಂದ ಗಿಡ್ಡ ಮಾಡಿ, ಹೊಸ ಬ್ಲೇಡು ಹಾಕಿ, ಸಾಬೂನು ಹಚ್ಚಿ ತೆಗೆದೆ. ಒತ್ತಲಿಲ್ಲ. ಇನ್ನೊಬ್ಬರ ಕುತ್ತಿಗೆಯ ಮೇಲೆ ಅದನ್ನು ಹಿಡಿದಾಗ ಭಾರ ಬೇರೆಯೇ. ಬಾವ ಕಣ್ಣು ಮುಚ್ಚಿಕೊಂಡು ಕೂತಿದ್ದರು. ನಾನಾಗಿದ್ದರೆ ತೆರೆದೇ ಇಡುತ್ತಿದ್ದೆ.

ಆಮೇಲೆ ಕೈಗರಗಸದ ಕಾಲ ಹೋಯಿತು, ಮರಗಳೆಲ್ಲ ಮಿಲ್ಲಿಗೆ. ಅಮ್ಮ ಹೋದರು. ಈಗ ನನ್ನಲ್ಲಿ ಇರುವುದು: ಹಿತ್ತಾಳೆಯ ರೇಜರ್ ಒಂದು, ಬುಡದಲ್ಲಿ ಅರದ ಗೀರು ಎರಡು. ಮೂರು ಮೂಲೆಯ ಅರ ಒಂದು. ತೆರೆಯದ ಬ್ಲೇಡು ಪ್ಯಾಕೆಟು ನಾಲ್ಕು, ತೆರೆದದ್ದರಲ್ಲಿ ಬ್ಲೇಡು ಮೂರು. ಹಿಡಿ ಇಲ್ಲದ ಗರಗಸ ಒಂದು. ಬಾವ ಒಬ್ಬರು.