ಹತ್ತು ನಿಮಿಷದಮ್ಮನ ಎಂಬತ್ತು ನಿಮಿಷ

ಬೆಳಗಿನ ಐದೂ ಇಪ್ಪತ್ತು. ರೈಲು ನಿಲ್ದಾಣದ ಪ್ರಕಟಣೆ ಕೋಣೆಯಲ್ಲಿ ಹೆಂಗಸೊಬ್ಬರು ಫ್ಲಾಸ್ಕಿನ ಮುಚ್ಚಳಕ್ಕೆ ಬಿಸಿನೀರು ಸುರಿದುಕೊಂಡು ಎರಡು ಗುಟುಕು ಕುಡಿಯುತ್ತಾರೆ. ಗಂಟಲು ಸರಿಮಾಡಿಕೊಂಡು ಮೈಕಿನ ಗುಂಡಿ ಒತ್ತುತ್ತಾರೆ. "ಪ್ರಯಾಣಿಕರ ಗಮನಕ್ಕೆ" ಎನ್ನುವಷ್ಟರಲ್ಲೇ ಪ್ಲಾಟ್‌ಫಾರಮ್ಮಿನಿಂದ ಒಂದು ಗಂಡು ದನಿ: "ಶುರುವಾಯ್ತಪ್ಪಾ ಹತ್ತು ನಿಮಿಷದಮ್ಮನ ಪುರಾಣ!" ಸುತ್ತಲಿನವರು ಗೊಳ್ಳೆಂದು ನಗುತ್ತಾರೆ. ಒಳಗೆ ಕುಳಿತವರು ನಗುವುದೂ ಇಲ್ಲ, ಸಿಡುಕುವುದೂ ಇಲ್ಲ. ವಾಕ್ಯ ಮುಗಿಸಿ ಗುಂಡಿ ಬಿಡುತ್ತಾರೆ.

ಮೈಕಿನ ಈ ದನಿಯನ್ನು ಆರು ವರ್ಷದಿಂದ ದಿನಾ ಕೇಳುತ್ತಿದ್ದೇನೆ. ಮುಖ ಸರಿಯಾಗಿ ನೋಡಿದ್ದು ಮಾತ್ರ ಈ ವಾರ, ಬರೆಯಲೆಂದು ಒಳಗೆ ಹೋಗಿ ಕುಳಿತಾಗ. ನಲವತ್ತೆಂಟರ ವಯಸ್ಸು, ಮಡಚಿಟ್ಟ ಕನ್ನಡಕ, ಕೈಗೆಟಕುವಂತೆ ಎರಡು ಫೋನು. ಮುಂದಿನ ಕಿಟಕಿಗೆ ಕಬ್ಬಿಣದ ಜಾಲರಿ. ಅದೇಕೆ ಎಂದು ಕೇಳಿದೆ.

"ಮೊದಲು ಬರೀ ಗಾಜಿತ್ತು ಸಾರ್. ಯಾರೋ ಕಲ್ಲು ಹೊಡೆದ್ರು. ಇಲ್ನೋಡಿ." ಬಲಹುಬ್ಬಿನ ಮೇಲೆ ಹೊಲಿಗೆಯ ಗುರುತು. "ಮೂರೇ ಹೊಲಿಗೆ. ಮಧ್ಯಾಹ್ನ ಮತ್ತೆ ಡ್ಯೂಟಿಗೆ ಬಂದೆ."

ಹಳಿ ಹಾಕುವವರು ಈಕೆಯಲ್ಲ, ರೈಲು ಓಡಿಸುವವರು ಈಕೆಯಲ್ಲ. ತಡ ಎಂದು ಹೇಳುವ ಬಾಯಿಗೆ ಕಲ್ಲೇ? ಅಷ್ಟರಲ್ಲಿ ಅವರು ನನ್ನನ್ನೇ ದಿಟ್ಟಿಸಿ, ಒಂದಿಷ್ಟೂ ಕಹಿಯಿಲ್ಲದೆ ಹೇಳಿದರು: "ನೀವೂ ಒಂದ್ಸಲ ಬಂದಿದ್ರಲ್ಲಾ ಸಾರ್, ಎರಡು ವರ್ಷದ ಕೆಳಗೆ. ನೀಲಿ ಕೊಡೆ ಇತ್ತು. 'ಸುಳ್ಳು ಹೇಳೋಕೆ ಸಂಬಳ ತಗೋತೀಯಾ' ಅಂದ್ರಿ."

ಹೌದು, ನೀಲಿ ಕೊಡೆ ನನ್ನದೇ. ಆ ಮಾತೂ ನನ್ನದೇ. ಕ್ಷಮೆ ಕೇಳಲು ಬಾಯಿ ತೆರೆದರೆ ಅವರೇ ತಡೆದರು. "ಬಿಡಿ ಸಾರ್, ಆಗ ನಾನು ಹೇಳ್ತಿದ್ದಿದ್ದು ಸುಳ್ಳೇ."

ಇದೆಂಥ ಮಾತು! ಬಿಡಿಸಿ ಹೇಳಿ ಎಂದೆ.

ನಮ್ಮ ಮಾರ್ಗದಲ್ಲಿರುವುದು ಒಂದೇ ಹಳಿ. ಎದುರಿನ ರೈಲು ದಾಟುವವರೆಗೆ ಈ ಕಡೆಯದು ಯಾವುದಾದರೂ ನಿಲ್ದಾಣದಲ್ಲಿ ಬಿದ್ದುಕೊಂಡಿರಬೇಕು. ಜೋಡಿ ಹಳಿಯ ಕಾಮಗಾರಿ ಹದಿನೆಂಟು ತಿಂಗಳಲ್ಲಿ ಮುಗಿಯುತ್ತದೆಂದು ಫಲಕ ನೆಟ್ಟು ಐದು ವರ್ಷವಾಯಿತು. ಫಲಕದ ಮೇಲಿನ ಗಡುವಿನ ತಾರೀಖಿಗೆ ಇದುವರೆಗೆ ಮೂರು ಸಲ ಕಾಗದ ಅಂಟಿಸಿದ್ದಾರೆ. ಸೇತುವೆಯ ಎರಡು ಕಂಬಗಳು ಎದ್ದು ನಿಂತಿವೆ, ಮೇಲೆ ಇರಬೇಕಾದದ್ದು ಇನ್ನೂ ಬಂದಿಲ್ಲ. ದಿನಕ್ಕೆ ಹನ್ನೊಂದು ರೈಲು. ಎಲ್ಲವೂ ಸಮಯಕ್ಕೆ ಬಂದರೆ ಇವರು ಮೈಕು ಹಿಡಿಯಬೇಕಾದದ್ದು ರೈಲಿಗೆ ಮೂರರಂತೆ ಮೂವತ್ತಮೂರು ಸಲ. ಈಗ ನೂರು ದಾಟುತ್ತದೆ.

ರೈಲು ಎಷ್ಟೇ ತಡವಿರಲಿ, ಕಂಟ್ರೋಲ್ ರೂಮಿನಿಂದ ಬರುವ ಮಾತು ಒಂದೇ: ಹತ್ತು ನಿಮಿಷ. ಅದು ಮುಗಿದ ಮೇಲೆ ಇನ್ನೊಂದು ಹತ್ತು. "ಒಟ್ಟಿಗೇ ಹೇಳಿದ್ರೆ ಜನ ಗಲಾಟೆ ಮಾಡ್ತಾರಂತೆ. ಹತ್ತತ್ತೇ ಹೇಳಿದ್ರೆ ಸುಮ್ನೆ ಕೂತಿರ್ತಾರಂತೆ" ಎನ್ನುತ್ತಾರೆ ಇವರು.

ಎಲಾ! ಅಂದರೆ ಇಷ್ಟು ವರ್ಷ ನಾವು ಬೆಂಚಿನ ಮೇಲೆ ಕೂತು ಕೂತು ಸವೆದದ್ದು ಆಕಸ್ಮಿಕವಲ್ಲ. ಲೆಕ್ಕ ಹಾಕಿಯೇ ನಮ್ಮ ಕಿವಿಗೆ ಹೂವಿಟ್ಟಿದ್ದಾರೆ. ಮನೆಯಲ್ಲೂ ಇವರ ಹತ್ತು ನಿಮಿಷಕ್ಕೆ ಬೆಲೆಯಿಲ್ಲ. ಊಟ ಹತ್ತು ನಿಮಿಷದಲ್ಲಿ ರೆಡಿ ಎಂದರೆ ಅತ್ತೆ ಕೇಳುತ್ತಾರಂತೆ: "ಯಾವ ಹತ್ತು ನಿಮಿಷ ಮಾರಾಯ್ತಿ? ನಮ್ಮದೋ, ನಿಮ್ಮ ಸ್ಟೇಷನ್ನಿಂದೋ?"

ಹೇಳುತ್ತಾ ನಕ್ಕವರು, ಕಿಟಕಿಯಾಚೆಯ ಒಂದನೇ ಬೆಂಚಿನತ್ತ ಕಣ್ಣು ಹೋದೊಡನೆ ನಗು ನಿಲ್ಲಿಸಿ ಅತ್ತ ಕೈ ತೋರಿಸಿದರು.

ಹನ್ನೊಂದು ತಿಂಗಳ ಹಿಂದೆ ಆ ಬೆಂಚಿನ ಮೇಲೆ ಗಂಡಹೆಂಡತಿ ಕುಳಿತಿದ್ದರು. ಹೆಂಡತಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್. ಎದುರಿನ ಬಸ್ ನಿಲ್ದಾಣದಿಂದ ಬಸ್ಸುಗಳು ಒಂದರ ಹಿಂದೊಂದು ಹೊರಡುತ್ತಿದ್ದವು. ಗಂಡ ಎರಡು ಸಲ ಎದ್ದುನಿಂತ. ಎರಡು ಸಲವೂ ಮೈಕಿನಲ್ಲಿ "ಹತ್ತು ನಿಮಿಷ" ಕೇಳಿ ಕೂತುಬಿಟ್ಟ. ರೈಲು ಬಂದದ್ದು ಎರಡು ಗಂಟೆ ತಡವಾಗಿ. ಅಷ್ಟರಲ್ಲಿ ಆಕೆ ಏದುಸಿರು ಬಿಡುತ್ತಾ ಬೆಂಚಿನ ಮೇಲೇ ಕುಸಿದಿದ್ದರು.

"ನೀರು ತಗೊಂಡು ಓಡಿಹೋದೆ ಸಾರ್. ಆ ಯಜಮಾನ್ರು ಬೈಲಿಲ್ಲ. 'ನೀವು ಹತ್ತು ನಿಮಿಷ ಅಂದ್ರಿ, ನಂಬಿದ್ವಿ' ಅಂದ್ರು. ಅಷ್ಟೇ. ಕಲ್ಲು ಬಿದ್ದಾಗ ಅಳದವಳು ಅವತ್ತು ಅತ್ತುಬಿಟ್ಟೆ."

ಆಕೆ ಒಂಬತ್ತು ದಿನ ಐಸಿಯುನಲ್ಲಿದ್ದು, ಪುಣ್ಯಕ್ಕೆ ಬದುಕಿ ಬಂದರು. ಅಂದಿನಿಂದ ಇವರು ಹತ್ತರ ಲೆಕ್ಕ ಬಿಟ್ಟಿದ್ದಾರೆ. ಈ ಮಾರ್ಗದ ಮೂವರು ಗೇಟ್‌ಮನ್‌ಗಳ ನಂಬರುಗಳು ಇವರ ಸ್ವಂತ ಫೋನಿನಲ್ಲಿವೆ. ಸೇತುವೆ ಹತ್ತಿರದ ಗೇಟು ಹಾಕಿದ್ದರೆ ರೈಲು ಇಲ್ಲಿ ಮುಟ್ಟಲು ಹದಿನಾಲ್ಕು ನಿಮಿಷ. ಹಾಕಿಲ್ಲವೆಂದರೆ ಅದರಾಚೆಯ ಗೇಟನ್ನು ಕೇಳುತ್ತಾರೆ, ಎದುರಿನ ರೈಲು ಎಲ್ಲಿದೆ ಎಂದು ಸ್ಟೇಷನ್ ಮಾಸ್ಟರನ್ನು ವಿಚಾರಿಸುತ್ತಾರೆ, ಬೆರಳು ಮಡಚಿ ಎಣಿಸುತ್ತಾರೆ. ಬಂದ ಅಂಕಿಯನ್ನೇ ಮೈಕಿನಲ್ಲಿ ಹೇಳುತ್ತಾರೆ. ಜನ ಮಾತ್ರ ಹಳೆಯ ಅಡ್ಡಹೆಸರು ಬಿಟ್ಟಿಲ್ಲ.

ಇದಕ್ಕೆ ಸಿಕ್ಕ ಬಹುಮಾನ ಮೇಜಿನ ಮೇಲಿದೆ: ಇಲಾಖೆಯ ನೋಟಿಸು. ಓದಿ ದಂಗಾದೆ. ಅನುಮತಿಯಿಲ್ಲದ ಸಮಯ ಪ್ರಕಟಿಸಿ ಪ್ರಯಾಣಿಕರನ್ನು ಉದ್ರೇಕಿಸಿದ್ದಕ್ಕೆ ಏಳು ದಿನದಲ್ಲಿ ವಿವರಣೆ ಕೊಡಬೇಕಂತೆ. ಇನ್ನೊಮ್ಮೆ ಹೀಗಾದರೆ ಗುತ್ತಿಗೆ ಮುಂದುವರಿಯದಂತೆ. ತಿಂಗಳ ಕೊನೆಗೆ ಗುತ್ತಿಗೆ ಮುಗಿಯುತ್ತದೆ. ಮಗಳ ನರ್ಸಿಂಗ್ ಓದು ಇನ್ನೊಂದು ವರ್ಷ ಇದೆ. ಗಂಡನ ಸರಕು ಆಟೊ ಇವತ್ತು ಓಡಿದರೆ ನಾಳೆ ಗ್ಯಾರೇಜಿನಲ್ಲಿ.

ಉತ್ತರ ಕಳಿಸಿದಿರಾ ಎಂದರೆ ಪ್ರತಿಯನ್ನು ತೆಗೆದು ತೋರಿಸುತ್ತಾರೆ. ಒಂದೇ ಸಾಲು: "ನಾನು ಹೇಳಿದ ಸಮಯದಲ್ಲಿ ತಪ್ಪಿದ್ದರೆ ದಯವಿಟ್ಟು ತಿಳಿಸಿ."

ಐದೂವರೆಗೆ ಇಲಾಖೆಯ ಫೋನು ಬಡಿದುಕೊಳ್ಳುತ್ತದೆ. ಐದೂ ಐವತ್ತರ ರೈಲು ಹತ್ತು ನಿಮಿಷ ತಡವಂತೆ. ಇವರು ಸ್ವಂತ ಫೋನೆತ್ತಿ, "ಅಣ್ಣಾ, ಗೇಟ್ ಹಾಕಿದ್ಯಾ?" ಎನ್ನುತ್ತಾರೆ. ಹಾಕಿಲ್ಲ. ಇನ್ನೆರಡು ಕರೆ. ಎದುರಿನಿಂದ ಬರುವ ಗೂಡ್ಸ್ ರೈಲೊಂದು ಕಾಮಗಾರಿಯ ಹತ್ತಿರ ನಿಂತಿದೆ. ಬೆರಳುಗಳು ಮಡಚಿಕೊಳ್ಳುತ್ತವೆ. ಕಣ್ಣು ಆ ನೋಟಿಸಿನ ಮೇಲೆ ಒಂದು ಗಳಿಗೆ ನಿಲ್ಲುತ್ತದೆ. ಇವತ್ತೊಂದು ದಿನ ಹತ್ತೇ ಹೇಳಿಬಿಡಿ ಎಂದು ನನ್ನ ನಾಲಿಗೆ ತುದಿಗೇ ಬಂದಿತ್ತು. ಆದರೆ ಬೆಂಚಿನ ಮೇಲೆ ಆ ಗಂಡಹೆಂಡತಿ ಇವತ್ತೂ ಇದ್ದರು.

"ಪ್ರಯಾಣಿಕರ ಗಮನಕ್ಕೆ. ಐದು ಗಂಟೆ ಐವತ್ತು ನಿಮಿಷದ ರೈಲು ಸುಮಾರು ಎಂಬತ್ತು ನಿಮಿಷ ತಡವಾಗಿ ಬರಲಿದೆ. ತುರ್ತಿರುವವರು ಬಸ್ಸಿಗೆ ಹೋಗಿ."

ಪ್ಲಾಟ್‌ಫಾರಮ್ಮು ಹೊತ್ತಿ ಉರಿಯುತ್ತದೆ. ಜಾಲರಿಗೆ ಯಾರೋ ಗುದ್ದುತ್ತಾರೆ. ಬಾಯಿಗೆ ಬಂದಂತೆ ಬೈಗುಳ. ಮೊದಲು ಎದ್ದವರು ಆ ಇಬ್ಬರೇ. ಯಜಮಾನರು ಹೆಂಡತಿಯ ಚೀಲ ಹೆಗಲಿಗೇರಿಸಿ, ತೋಳು ಹಿಡಿದು ಹೊರಡುತ್ತಾರೆ. ಕಿಟಕಿ ದಾಟುವಾಗ ಒಮ್ಮೆ ಕೈ ಎತ್ತುತ್ತಾರೆ. ಆರು ಗಂಟೆಯ ಬಸ್ಸು ಅವರನ್ನು ಹತ್ತಿಸಿಕೊಂಡು ಹೋದದ್ದು ನನಗೂ ಕಾಣಿಸಿತು.

ನಾನು ಗಡಿಯಾರ ಹಿಡಿದು ಕೂತೆ. ರೈಲು ಬಂದದ್ದು ಎಂಬತ್ತಮೂರು ನಿಮಿಷ ತಡವಾಗಿ. ನಾನು ಹುರುಪಿನಿಂದ ಹೇಳಿದರೆ ಇವರ ಮುಖ ಚಿಕ್ಕದಾಯಿತು. "ಮೂರು ನಿಮಿಷ ತಪ್ಪಿದೆ ಸಾರ್. ಸೇತುವೆ ಹತ್ರ ನಿಧಾನ ಬರುತ್ತೆ, ಸೇರಿಸ್ಕೋಬೇಕಿತ್ತು."

ನಿಮಗೇನು ಆಸೆ ಎಂದು ಕೊನೆಗೆ ಕೇಳಿದೆ. ಡ್ರಾಯರಿನಿಂದ ಒಂದು ರಟ್ಟು ತೆಗೆದರು. 'ರೈಲು ಸರಿಯಾದ ಸಮಯಕ್ಕೆ ಬರುತ್ತಿದೆ' ಎಂದು ಅಚ್ಚಾಗಿತ್ತು. "ಇದನ್ನ ಐದೂ ಐವತ್ತರ ಗಾಡಿಗೆ ಓದಿ ನಾಲ್ಕು ವರ್ಷ ಆಯ್ತು. ಇಲ್ಲಿರೋದ್ರೊಳಗೆ ಒಂದ್ಸಲ ಓದ್ಬೇಕು."

ರಟ್ಟನ್ನು ಒಳಗಿಡುವಷ್ಟರಲ್ಲಿ ಇಲಾಖೆಯ ಫೋನು ಬಡಿದುಕೊಂಡಿತು. ಎಂಬತ್ತು ಅಂತ ಹೇಳಿದ್ಯಾರು ಎಂದು ಅತ್ತಲಿಂದ ಕಿರುಚುತ್ತಿದ್ದುದು ನನಗೂ ಕೇಳಿಸಿತು.

"ನಾನೇ ಸಾರ್" ಎಂದರು ಇವರು. "ಎಂಬತ್ಮೂರಾಯ್ತು. ಅದನ್ನೂ ಬರ್ಕೊಳ್ಳಿ."