ಬೆಟ್ಟದ ತಾಯಿ

ಮೊನ್ನೆ ನರಗುಂದದ ಅಂಗಡಿಯೊಂದರಲ್ಲಿ ಹೊಸ ಸೀರೆ ಬಿಚ್ಚಿದರು. ಗಂಜಿ ವಾಸನೆ ಬಂತು. ನಿಮಗಾದರೆ ಹಬ್ಬ ನೆನಪಾಗುತ್ತಿತ್ತೇನೋ. ನನಗೆ ಸಿಟ್ಟು ಬಂತು.

ನಮ್ಮವ್ವ ಗಜೇಂದ್ರಗಡದ ಮುಸ್ಲಿಂ ನೇಕಾರರ ಮನೆಯವಳು, ಅಪ್ಪ ಜಕ್ಕಲಿಯ ಲಿಂಗಾಯತ ರೈತ. ಎರಡೂ ಊರು ಬೇಡವೆಂದ ಮೇಲೆ ರೋಣದಲ್ಲಿ ಸಂಸಾರ ಹೂಡಿದರು. ಅವ್ವನ ಮಗ್ಗದ ಪಕ್ಕ, ಅದೇ ಗಂಜಿ ವಾಸನೆಯಲ್ಲಿ ಕುಳಿತು ಆರು ವರ್ಷ ನಾನೊಂದು ಕಾದಂಬರಿ ಬರೆದೆ. ಏಳು ರಾಜ್ಯ, ಮಾತಾಡುವ ಹದ್ದು, ಉರಿಯುವ ಹೊಳೆ, ಎಲ್ಲ ಇದ್ದವು. ವ್ಯಾಕರಣವೊಂದು ತುಸು ಕಡಿಮೆ. ನಾಯಕ ಬೆಟ್ಟದ ತಾಯಿಗೂ ಬಯಲಿನ ತಂದೆಗೂ ಹುಟ್ಟಿದವನು. ಎರಡೂ ಕಡೆಯವರು ಅವನನ್ನು ತಮ್ಮವನಲ್ಲ ಎನ್ನುತ್ತಿದ್ದರು. ಇದಕ್ಕೆ ಕಲ್ಪನೆ ಹೆಚ್ಚು ಬೇಕಾಗಲಿಲ್ಲ.

ಸಾಲಿಯಲ್ಲಿ ನನಗೆ ಕನ್ನಡ ಕಲಿಸಿದ ಮಾಸ್ತರು ಓದಿದರು. ಅಚ್ಚು ಹಾಕುವವರನ್ನೂ ಅವರೇ ಗೊತ್ತು ಮಾಡಿದರು.

"ಭಾಳ ಚಲೋ ಬರದೀಪಾ. ಒಂದ ತಿದ್ದು. ಆ ತಾಯಿ ಖರೇ ಬಯಲಿನಾಕೀನ, ಕೂಸಿದ್ದಾಗ ಬೆಟ್ಟದವರು ಕದ್ದೊಯ್ದಿದ್ರು ಅಂತ ಕಡೀಗೆ ಬರಿ. ಹುಡುಗ ಪೂರಾ ನಮ್ಮಾಂವ ಆಗ್ತಾನ."

ತಿದ್ದಿದೆ. ನಾಚಿಕೆಯಾಗುತ್ತದೆ, ಆದರೆ ಅಚ್ಚಿನಲ್ಲಿ ಹೆಸರು ನೋಡುವ ಆಸೆ ಅಷ್ಟಿತ್ತು. ಮೂರೇ ದಿನದಲ್ಲಿ ಬೆಟ್ಟದವಳ ಕುಲ ಬದಲಾಯಿತು.

ಅವ್ವನಿಗೆ ಓದಲು ಬಾರದು. ಪ್ರತಿ ಮಾಸ್ತರರಿಗೆ ಕೊಟ್ಟ ಮೇಲೆ ಕೊನೆಯ ಅಧ್ಯಾಯವನ್ನು ಕರಡಿನಿಂದ ನಾನೇ ಓದಿ ಹೇಳಿದೆ. ಮಗ್ಗ ನಿಂತಿತು.

"ನಮ್ಮಪ್ಪ ನನ್ನ ಕದ್ದು ತಂದಿದ್ನೇನೋ?"

"ಕಥಿ ಅವ್ವಾ ಅದು."

"ಜಕ್ಕಲ್ಯಾಗೂ ಇದ ಕಥಿ ಹೇಳಿದ್ರು. ಹೆಸರು ಬದಲಿ ಮಾಡ್ಕೋ, ತವರು ಮರತಬಿಡು, ಒಳಗ ಕರಕೋತೀವಿ ಅಂದ್ರು. ನಾ ಹೊರಗ ನಿಂತು ತಿರುಗಿ ಬಂದೆ. ನೀ ನನ್ನ ಕೇಳದ ಒಳಗ ಹಾಕಿದೆಲ್ಲೋ!"

ಮರುದಿನವೇ ಮಾಸ್ತರರಿಂದ ಹಸ್ತಪ್ರತಿ ವಾಪಸು ತಂದು ಟ್ರಂಕಿಗೆ ಹಾಕಿದೆ. ಕಾರಣ ಹೇಳುವ ಧೈರ್ಯ ಮಾತ್ರ ಆಗಲಿಲ್ಲ.

ಹೋದ ವರ್ಷ ಅವ್ವ ತೀರಿಕೊಂಡಳು. ಮಣ್ಣು ಕೊಡಲು ಬಂದ ಮಾಸ್ತರು ನನ್ನ ಹೆಗಲ ಮೇಲೆ ಕೈಯಿಟ್ಟು, "ಸಮಾಧಾನ ಮಾಡ್ಕೋಪಾ. ಹೆಸರಿಗಷ್ಟ ಬ್ಯಾರೆ, ಆಕಿ ನಮ್ಮಾಕೀನ ಆಗಿದ್ಲು," ಎಂದರು. ಅವಳ ಅಣ್ಣಂದಿರು ಅಲ್ಲೇ ನಿಂತಿದ್ದರು. ಎಲ್ಲರಿಗೂ ಕೇಳಿಸಿತು. ನಾನು ತಲೆಯಾಡಿಸಿದೆ. ಹೌದು, ತಲೆಯಾಡಿಸಿದೆ!

ಮೊನ್ನೆ ನರಗುಂದದಿಂದ ಬಂದವನೇ ಟ್ರಂಕು ತೆಗೆದು, ತಿದ್ದಿದ ಪುಟಗಳನ್ನು ಹರಿದು, ಮಾಸ್ತರರಿಗೆ ಫೋನ್ ಮಾಡಿದೆ.

"ಕಾದಂಬರಿ ಅಚ್ಚಿಗೆ ಕೊಡಾಕತ್ತೇನ್ರಿ. ತಾಯಿ ಬೆಟ್ಟದಾಕೀನ."

ಅವರು ಬಾಯಿ ತೆರೆಯುವ ಮೊದಲೇ ಮುಂದುವರಿಸಿದೆ.

"ಮತ್ತ, ನಮ್ಮವ್ವ ನಿಮ್ಮಾಕಿ ಆಗಿರಲಿಲ್ರಿ. ಗಜೇಂದ್ರಗಡದಾಕಿ ಇದ್ಲು," ಎಂದೆ. ಈ ಸಲ ಪೂರ್ತಿ ಹೇಳಿದೆ.