ಅತ್ತೆಯ ಮಣಿಕಟ್ಟು, ನನ್ನ ಅರ್ಜಿ

ಮೂವತ್ತು ವರ್ಷ ಜನರ ಕೈಕಾಲು ಬಗ್ಗಿಸಿ, ಮಡಚಿ, ಬಿಡಿಸಿ ಬದುಕಿದವಳು ನಾನು. ಈ ಕೆಲಸಕ್ಕೆ ಹೇಗೆ ಬಂದಿರಿ ಎಂದು ಯಾರಾದರೂ ಕೇಳಿದರೆ ಮುಂಬಯಿಯಲ್ಲಿ ಓದಿದೆ ಎಂದಷ್ಟೇ ಹೇಳಿ ಮುಗಿಸಿಬಿಡುತ್ತೇನೆ. ನಿಜ ಹೇಳಬೇಕೆಂದರೆ ನನ್ನ ಮೊದಲ ರೋಗಿ ನನ್ನ ಸೋದರತ್ತೆ. ಅಷ್ಟು ಹಟಮಾರಿ ರೋಗಿ ಆಮೇಲೆ ಇಡೀ ಮುಂಬಯಿಯಲ್ಲೂ ನನಗೆ ಸಿಗಲಿಲ್ಲ.

ಎಪ್ಪತ್ತರ ದಶಕದ ನಡುವಿನ ಮಾತು. ನಾವು ವಿಜಾಪುರ ಜಿಲ್ಲೆಯ ಇಂಡಿಯಲ್ಲಿದ್ದೆವು. ಅಪ್ಪ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರರು. ನಾನು ಮೂರು ವರ್ಷದವಳಿದ್ದಾಗ ಅವ್ವ ತೀರಿಕೊಂಡಳು. ಆಗ ಅಪ್ಪನ ಅಕ್ಕ, ಗಂಡನನ್ನು ಕಳೆದುಕೊಂಡಿದ್ದವಳು, ದೇವಣಗಾಂವದಿಂದ ಒಂದು ಟ್ರಂಕು ಹಿಡಿದುಕೊಂಡು ಬಂದಳಂತೆ. ಕೂಸು ದೊಡ್ಡದಾಗುವ ತನಕ ಇದ್ದು ಹೋಗುತ್ತೇನೆ ಎಂದು ಬಂದವಳು ಹಾಗೇ ಉಳಿದಳು. ನಾನು ದೊಡ್ಡವಳಾದೆ ಎಂದು ಆಕೆ ಎಂದೂ ಒಪ್ಪಲೇ ಇಲ್ಲ.

ನಾನು ಹುಟ್ಟುವಾಗ ಕಾಲು ಮೊದಲು ಹೊರಬಂದಿತ್ತು. ನಮ್ಮ ಕಡೆ ಹಾಗೆ ಹುಟ್ಟಿದವರ ಕಾಲಿಗೆ ದೊಡ್ಡ ಮಾನ. ಯಾರದಾದರೂ ಸೊಂಟ ಹಿಡಿದುಕೊಂಡರೆ ನಮ್ಮ ಮನೆಗೆ ಬಂದು ಕಟ್ಟೆಯ ಮೇಲೆ ಬೋರಲು ಮಲಗುತ್ತಿದ್ದರು. ನಾನು ಮೂರು ಸಲ ಪಾದದಿಂದ ಸೊಂಟ ಮುಟ್ಟಬೇಕು. ಅತ್ತೆ ಪಕ್ಕದಲ್ಲಿ ನಿಂತು, "ಸಾವಕಾಶ, ಒದೀಬ್ಯಾಡ, ಇಡು," ಎನ್ನುತ್ತಿದ್ದಳು. ಮುಗಿದ ಮೇಲೆ, ಹಿರಿಯರಿಗೆ ಕಾಲು ಹಚ್ಚಿದ ತಪ್ಪಿಗೆ ಅವರ ಪಾದಕ್ಕೆ ನನ್ನಿಂದ ನಮಸ್ಕಾರ ಮಾಡಿಸುತ್ತಿದ್ದಳು. ಏಳನೆಯ ಇಯತ್ತೆಗೆ ಬರುವಷ್ಟರಲ್ಲಿ ನನಗೊಂದು ಗುಮಾನಿ ಹತ್ತಿತ್ತು. ಪಾದ ಇಟ್ಟಿದ್ದಕ್ಕಿಂತ, ಅವರು ಮಲಗಿ ಮೈ ಸಡಿಲ ಬಿಟ್ಟು ಎದ್ದದ್ದರಿಂದಲೇ ನೋವು ಇಳಿಯುತ್ತದೆ ಎಂದು. ಅತ್ತೆಗೆ ಹೇಳಿದರೆ ಬಾಯಿ ಮುಚ್ಚಿಕೋ ಎಂದಳು. ಆ ಗುಮಾನಿ ಮಾತ್ರ ನನ್ನನ್ನು ಬಿಡಲಿಲ್ಲ.

ವಿಜಾಪುರದಲ್ಲಿ ಬಿ.ಎಸ್ಸಿ. ಮುಗಿಸಿ ಮನೆಗೆ ಬಂದ ಬೇಸಿಗೆಯಲ್ಲಿ ಮುಂಬಯಿಯ ಒಂದು ಆಸ್ಪತ್ರೆಯಲ್ಲಿ ಫಿಜಿಯೋಥೆರಪಿ ಕಲಿಸುತ್ತಾರೆಂದು ಪೇಪರಿನಲ್ಲಿ ಓದಿದೆ. ಬರೆದು ತರಿಸಿಕೊಂಡೆ. ಫಾರ್ಮು ಬಂದಾಗ ಓಣಿಯಲ್ಲಿ ಎಲ್ಲರಿಗೂ ಗೊತ್ತಾಯಿತು. ಎದುರುಮನೆಯ ಕಾಕಾ ಕಟ್ಟೆಗೆ ಬಂದು ಕೂತು, "ಅಲ್ಲಬೇ, ಕೈಕಾಲ ತಿಕ್ಕಾಕ ಬಿ.ಎಸ್ಸಿ. ಬೇಕೇನು? ಇಲ್ಲೇ ನನ್ನ ಮೊಣಕಾಲ ಅದಾವ, ಇವತ್ತ ಸುರು ಮಾಡು," ಎಂದರು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ನಿಮ್ಮ ಮೊಣಕಾಲಿಗೆ ಎಣ್ಣೆ ಬೇಡ, ಕೂತಲ್ಲಿಂದ ಏಳುವ ಬುದ್ಧಿ ಬೇಕು ಎಂದುಬಿಟ್ಟೆ. ಅವರು ಎರಡು ದಿನ ನಮ್ಮ ಕಟ್ಟೆಗೆ ಬರಲಿಲ್ಲ.

ಆ ಫಾರ್ಮು ಬಲು ಜಿಗುಟು. ಈ ವೃತ್ತಿಯನ್ನು ಏಕೆ ಆರಿಸಿಕೊಂಡೆ ಎಂದು ಸ್ವಂತ ಅಕ್ಷರದಲ್ಲಿ ಎರಡು ಪುಟ ಇಂಗ್ಲಿಷಿನಲ್ಲಿ ಬರೆಯಬೇಕು. ಮಾರ್ಕ್ಸ್ ಕಾರ್ಡಿನ ನಕಲಿಗೆ ತಹಸೀಲ್ದಾರರ ಸಹಿ ಬೇಕು. ಇವೆಲ್ಲ ಹೇಗೋ ಆಗುವಂಥವು. ಕೊನೆಯ ಹಾಳೆ ನನ್ನ ಎದೆ ಒಡೆಸಿತು. ಅಭ್ಯರ್ಥಿ ಒಬ್ಬ ರೋಗಿಯ ಜೊತೆ ಆರು ವಾರ ಡಾಕ್ಟರರ ಕೈಕೆಳಗೆ ಕೆಲಸ ಮಾಡಿರಬೇಕು, ಫಲ ಏನಾಯಿತೆಂದು ಡಾಕ್ಟರರೇ ಬರೆದು ಸಹಿ ಹಾಕಬೇಕು. ಆ ಹಾಳೆ ಇಲ್ಲದ ಅರ್ಜಿಯನ್ನು ನೋಡುವುದೂ ಇಲ್ಲ ಎಂದು ಕೆಳಗೆ ಅಚ್ಚಾಗಿತ್ತು.

ರೋಗಿ ಮನೆಯಲ್ಲೇ ಇದ್ದಳು. ಎರಡು ತಿಂಗಳ ಹಿಂದೆ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಬಲಗೈ ಮುರಿದುಕೊಂಡಿದ್ದಳು. ಎಲುಬು ಕಟ್ಟುವ ಮುದುಕನೊಬ್ಬ ಬಿದಿರಿನ ಸೀಳು ಇಟ್ಟು ಕಟ್ಟಿದ್ದ. ಎಲುಬು ನೆಟ್ಟಗೆ ಕೂಡಿತ್ತು, ಆದರೆ ಕಟ್ಟು ಬಿಚ್ಚಿದಾಗ ಮಣಿಕಟ್ಟು ಒಣಗಿದ ಚರ್ಮದ ಹಾಗೆ ಬಿರುಸಾಗಿತ್ತು. ಬೆರಳು ಮಡಚುತ್ತಿರಲಿಲ್ಲ. ರೊಟ್ಟಿ ಬಡಿಯುವ ಕೆಲಸ ನನ್ನ ಪಾಲಿಗೆ ಬಂತು. ನನ್ನ ರೊಟ್ಟಿ ಅಂಚಿನಲ್ಲಿ ಸೀಳುತ್ತಿತ್ತು, ನಡುವೆ ದಪ್ಪ. ಅಪ್ಪ ಮಾತಿಲ್ಲದೆ ಹಾಲಿನಲ್ಲಿ ಮುರಿದುಕೊಂಡು ತಿನ್ನುತ್ತಿದ್ದರು. ಅತ್ತೆ ಮಾತಾಡುತ್ತಲೇ ತಿನ್ನುತ್ತಿದ್ದಳು.

ಸರಕಾರಿ ದವಾಖಾನೆಯ ಡಾಕ್ಟರು ಮೈಸೂರು ಕಡೆಯವರು. ನಾವು ಸಹಜವಾಗಿ ಮಾತಾಡಿದರೂ ಜಗಳಕ್ಕೆ ಬಂದೆವೇನೋ ಎಂದು ಗಾಬರಿಯಾಗಿ ನೋಡುತ್ತಿದ್ದರು. ಫಾರ್ಮು ಓದಿ, "ಸರಿಯಮ್ಮ, ನಿಮ್ಮ ಅತ್ತೆಯನ್ನೇ ನೋಡಿಕೊಳ್ಳಿ. ಹೇಗೆ ಮಾಡಿಸಬೇಕು ಅಂತ ನಾನು ತೋರಿಸ್ತೀನಿ. ಆದರೆ ಕಂಡದ್ದನ್ನ ಮಾತ್ರ ಬರೆಯೋನು ನಾನು. ಕೈ ಬಗ್ಗಿದರೆ ಬಗ್ಗಿತು ಅಂತೀನಿ, ಇಲ್ಲದಿದ್ದರೆ ಇಲ್ಲ ಅಂತೀನಿ," ಎಂದರು. ಅವರು ಮಾತಿಗೆ ತಪ್ಪುವವರಲ್ಲ ಎಂದು ಊರಿಗೆಲ್ಲ ಗೊತ್ತಿತ್ತು.

ಅವತ್ತೇ ಶುರುಮಾಡಿದೆ. ಬೆಳಿಗ್ಗೆ ಬಿಸಿನೀರಿನಲ್ಲಿ ಕೈ ಇಟ್ಟುಕೊಂಡು ಬೆರಳು ತೆಗೆದು ಮುಚ್ಚುವುದು. ಆಮೇಲೆ ಒದ್ದೆ ಬಟ್ಟೆ ಹಿಂಡುವುದು. ಸಂಜೆ ಜೋಳದ ಹಿಟ್ಟು ನಾದುವುದು. ಅಪ್ಪನ ಕಂಪಾಸ್ ಪೆಟ್ಟಿಗೆಯ ಕೋನಮಾಪಕ ಹಿಡಿದು ಮಣಿಕಟ್ಟು ಎಷ್ಟು ಮೇಲೇಳುತ್ತದೆ ಎಂದು ವಾರಕ್ಕೊಮ್ಮೆ ಅಳೆದು ವಹಿಯಲ್ಲಿ ಬರೆಯುತ್ತಿದ್ದೆ. ಅತ್ತೆಗೆ ಇದೆಲ್ಲ ತಮಾಷೆ.

"ಅರಬಿ ಹಿಂಡೂದು, ಹಿಟ್ಟ ನಾದೂದು, ಇದ ಔಷಧ ಏನ? ಇದ ಮನಿಗೆಲಸ. ನಾ ಹುಟ್ಟಿದಾಗಿಂದ ಫಿಜಿಯೋ ಮಾಡಾಕತ್ತೇನಿ ಹಂಗಾರ."

ಮೊದಲ ಮೂರು ವಾರ ನಾನು ನೆಲದ ಮೇಲೆ ನಡೆಯಲಿಲ್ಲ. ಹದಿನೈದು ಡಿಗ್ರಿ ಇದ್ದದ್ದು ಇಪ್ಪತ್ತೆಂಟಾಯಿತು, ಆಮೇಲೆ ನಲವತ್ತಾಯಿತು. ಅತ್ತೆ ತಾನೇ ಜಡೆ ಹಾಕಿಕೊಂಡ ದಿನ ಓಣಿಗೆಲ್ಲ ತೋರಿಸಿಕೊಂಡು ಬಂದಳು. ಕಾಕಾ ಕೂಡ ಕಟ್ಟೆಗೆ ಬಂದು, ನನ್ನ ಮೊಣಕಾಲಿಗೆ ಏನಾದರೂ ಇದ್ದರೆ ಹೇಳು ಎಂದು ಮೆತ್ತಗೆ ಕೇಳಿದರು.

ಅದೇ ವಾರ ಊಟದ ಹೊತ್ತಿನಲ್ಲಿ ಅಪ್ಪ ಅತ್ತೆಯ ಕೈ ನೋಡಿ ಖುಷಿಯಾಗಿ, "ಇನ್ನ ಡಾಕ್ಟರ ಸಹಿ ಬಿದ್ದಂಗ ಬಿಡಕ್ಕ. ಹುಡುಗಿ ಮೂರ ವರ್ಷ ಮುಂಬೈದಾಗ ಇರ್ತಾಳ," ಎಂದರು.

ಅತ್ತೆ ತುತ್ತು ಕೈಯಲ್ಲೇ ಹಿಡಿದು ನನ್ನನ್ನು ನೋಡಿದಳು. "ಮೂರ ವರ್ಷ? ಬರೇ ಕಾಗದ ಕಳಸೂದು ಅಂದಿದ್ದಿ."

"ಕಾಗದ ಪಾಸಾದ್ರ ಅಲ್ಲೇ ಕಲೀಬೇಕಲ್ಲಬೇ ಅತ್ತಿ. ಸೂಟಿಗೆ ಬರ್ತೇನಿ," ಎಂದೆ. ಆಕೆ ಹಿಡಿದ ತುತ್ತನ್ನು ತಾಟಿಗಿಟ್ಟು ಎದ್ದಳು.

ನಾಲ್ಕನೆಯ ವಾರ ಅಳೆದಾಗ ನಲವತ್ತು. ಐದನೆಯ ವಾರವೂ ನಲವತ್ತು. ಬಿಸಿನೀರು ಇನ್ನಷ್ಟು ಬಿಸಿ ಮಾಡಿದೆ, ದಿನಕ್ಕೆ ಎರಡು ಸಲ ಇದ್ದದ್ದನ್ನು ನಾಲ್ಕು ಸಲ ಮಾಡಿದೆ. ಕೈ ಕಂಬದ ಹಾಗೆ ನಿಲ್ಲುತ್ತಿತ್ತು. ಅರ್ಜಿ ಆರನೆಯ ವಾರದ ಶನಿವಾರ ಟಪಾಲಿಗೆ ಹೋಗಬೇಕು. ಮಣಿಕಟ್ಟು ಅರ್ಧಕ್ಕೇ ನಿಂತಿದೆ ಎಂದು ಡಾಕ್ಟರು ಬರೆದರೆ ಅದನ್ನು ಮುಂಬಯಿಯಲ್ಲಿ ಯಾರು ಕಣ್ಣೆತ್ತಿ ನೋಡುತ್ತಾರೆ? ಮಂಗಳವಾರ ಸಂಜೆ ನನ್ನ ತಾಳ್ಮೆ ಹರಿಯಿತು. ಹಿಟ್ಟು ನಾದುವ ಪರಾತವನ್ನು ಆಕೆಯ ಮುಂದೆ ಕುಕ್ಕಿ, "ನಿನಗ ಚಲೋ ಆಗೂ ಮನಸ್ಸ ಇಲ್ಲ. ಎಲ್ಲಾರ ಕಡಿಂದ ಸೇವಾ ಮಾಡಿಸಿಕೊಂಡ ಕುಂದ್ರೂದು ರೂಢಿ ಆಗೇತಿ," ಎಂದೆ.

ನನ್ನನ್ನು ಹೊತ್ತು ಸಾಕಿದವಳಿಗೆ ಆ ಮಾತು. ಇವತ್ತು ಬರೆಯುವಾಗಲೂ ನಾಚಿಕೆಯಾಗುತ್ತದೆ. ಆಕೆ ಎಡಗೈಯಿಂದ ಪರಾತ ಎಳೆದುಕೊಂಡು ನಾದತೊಡಗಿದಳು.

ಗುರುವಾರ ದವಾಖಾನೆಗೆ ಹೋದರೆ ಡಾಕ್ಟರು ಪಕ್ಕದ ಲಚ್ಯಾಣಕ್ಕೆ ಲಸಿಕೆ ಹಾಕಲು ಹೋಗಿದ್ದರು. ಮಧ್ಯಾಹ್ನಕ್ಕೆ ಬರಬೇಕಾದವಳು ಹತ್ತು ಗಂಟೆಗೇ ಮನೆ ಕಡೆ ತಿರುಗಿದೆ. ಓಣಿಯ ತಿರುವಿನಲ್ಲಿ ರೊಟ್ಟಿ ಬಡಿಯುವ ಸಪ್ಪಳ ಕೇಳಿತು. ನಮ್ಮ ಕಡೆ ಯಾವ ಮನೆಯಲ್ಲಿ ಯಾರು ರೊಟ್ಟಿ ಬಡಿಯುತ್ತಿದ್ದಾರೆಂದು ಹೊರಗೆ ನಿಂತೇ ಹೇಳಬಹುದು. ಒಬ್ಬೊಬ್ಬರ ಕೈಯದು ಒಂದೊಂದು ಬಡಿತ. ಅತ್ತೆಯದು ಎರಡು ಸಣ್ಣ ಪೆಟ್ಟು, ಒಂದು ದೊಡ್ಡ ಪೆಟ್ಟು, ಆಮೇಲೆ ರೊಟ್ಟಿ ತಿರುಗಿಸುವ ಒಂದು ಗಳಿಗೆ ಸುಮ್ಮನೆ. ಚಿಕ್ಕಂದಿನಿಂದ ಮನೆಯಲ್ಲಿದ್ದಾಗೆಲ್ಲ ಆ ಸಪ್ಪಳಕ್ಕೇ ಎದ್ದವಳು ನಾನು. ಮೂರು ತಿಂಗಳಿಂದ ಕೇಳಿರಲಿಲ್ಲ.

ಚಪ್ಪಲಿ ಹೊರಗೇ ಬಿಟ್ಟು ಅಡುಗೆಮನೆಯ ಬಾಗಿಲಿಗೆ ಬಂದೆ. ಅತ್ತೆ ಬೆನ್ನು ತಿರುಗಿಸಿ ಕೂತಿದ್ದಳು. ಬಲಗೈ ಮಣಿಕಟ್ಟಿನಿಂದ ಪೂರಾ ಎದ್ದು ಹಿಟ್ಟಿನ ಮೇಲೆ ಇಳಿಯುತ್ತಿತ್ತು. ರೊಟ್ಟಿ ದುಂಡಗೆ, ತೆಳ್ಳಗೆ ಹರಡಿತ್ತು. ಆದರೆ ಒಲೆ ಹೊತ್ತಿರಲಿಲ್ಲ, ಹಂಚು ಗೋಡೆಗೆ ಒರಗಿಯೇ ಇತ್ತು. ಆಕೆ ರೊಟ್ಟಿ ಮುಗಿಸಿ, ಒಂದು ಸಲ ನೋಡಿ, ಅದನ್ನು ಮುದ್ದೆ ಮಾಡಿ, ನೀರು ಹಚ್ಚಿ ಮತ್ತೆ ಬಡಿಯತೊಡಗಿದಳು. ಬೇಯಿಸಿದರೆ ನನಗೆ ಗೊತ್ತಾಗುತ್ತದಲ್ಲ.

"ಯಾವಾಗಿಂದ?" ಎಂದೆ.

ಆಕೆ ಬೆಚ್ಚಿಬೀಳಲಿಲ್ಲ. ಕೈ ಹಿಟ್ಟಿನ ಮೇಲೇ ಇತ್ತು. "ಎರಡ ವಾರ ಆತು."

"ಮತ್ತ ನಾ ಅಳಿಯೂ ಮುಂದ?"

"ಬಿಗಿ ಹಿಡೀತಿದ್ದೆ."

"ಯಾಕಬೇ?"

"ಕೈ ಎದ್ದರ ಡಾಕ್ಟರ ಸಹಿ ಹಾಕ್ತಾರ. ಸಹಿ ಹಾಕಿದ್ರ ನೀ ಹೋಗ್ತಿ," ಎಂದಳು. ಬೆರಳಿಗೆ ಅಂಟಿದ ಹಿಟ್ಟು ಕೆರೆಯುತ್ತ, "ಕೈ ಮಾತ್ರ ಸುಮ್ಮ ಕುಂದ್ರವಲ್ದು, ಏನ ಮಾಡಲಿ," ಎಂದಳು.

ಮೊದಲು ಬಂದದ್ದು ಸಿಟ್ಟು. ಎರಡು ವಾರ ನನ್ನನ್ನು ಕುಣಿಸಿದಳಲ್ಲ ಎಂದು. ಆ ಸಿಟ್ಟು ಮಾತಾಗುವಷ್ಟರಲ್ಲಿ ಅಳುವಾಗಿತ್ತು. ನಾನು ಅಲ್ಲಿ ನಿಲ್ಲದೆ ಹೊರಗಿನ ಕೋಣೆಗೆ ಹೋಗಿ ಫಾರ್ಮನ್ನು ಟ್ರಂಕಿನಲ್ಲಿ ಹಾಕಿ, "ಬಿಡು, ನಾ ಎಲ್ಲೂ ಹೋಗಂಗಿಲ್ಲ," ಎಂದು ಕೂಗಿ ಹೇಳಿದೆ. ಅರ್ಧ ಬೆದರಿಕೆ, ಅರ್ಧ ನಿಜ. ಅವತ್ತು ರೊಟ್ಟಿಯ ಸಪ್ಪಳ ಮತ್ತೆ ಕೇಳಲಿಲ್ಲ.

ಶುಕ್ರವಾರ ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಅತ್ತೆ ಇಳಕಲ್ಲ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದಳು. ಟ್ರಂಕಿನಿಂದ ಫಾರ್ಮು ತೆಗೆದು ಬಗಲಲ್ಲಿ ಇಟ್ಟುಕೊಂಡಿದ್ದಳು, ತಿರುವುಮುರುವಾಗಿ. ಓದು ಬರುತ್ತಿರಲಿಲ್ಲ ಆಕೆಗೆ. "ನಡಿ, ದವಾಖಾನ್ಯಾಗ ಪಾಳಿ ಹೆಚ್ಚಾಗತೈತಿ," ಎಂದು ನನ್ನ ಮುಂದೆ ನಡೆದಳು.

ಡಾಕ್ಟರು ಆಕೆಯ ಕೈ ಮೇಜಿನ ಮೇಲಿಟ್ಟು, ಎತ್ತಿ ಎಂದರು. ಕೈ ಸಲೀಸಾಗಿ ಎದ್ದಿತು. ಅವರು ಕೋನಮಾಪಕ ಹಿಡಿದರು, ಅರವತ್ತೈದು. ನನ್ನ ವಹಿ ನೋಡಿದರು, ನಲವತ್ತು. ಹುಬ್ಬು ಗಂಟಾಯಿತು.

"ಇದೇನಮ್ಮ, ಒಂದೇ ವಾರದಲ್ಲಿ ಇಷ್ಟು ಆಗೋದಿಲ್ಲ."

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಹೇಳಿದಳು. "ನಾಕ ವಾರಕ್ಕ ಚಲೋ ಆಗಿತ್ರೀ ಸಾಹೇಬರ. ಆಕಿ ಬರದದ್ದು ತಪ್ಪೈತಿ. ತಪ್ಪ ಆಕೀದಲ್ಲ, ನಂದು. ನಾಕ ವಾರ ಅಂತ ಬರೀರಿ."

"ಮತ್ತೆ ಆಮೇಲಿನ ಎರಡು ವಾರ?"

ಅತ್ತೆ ಸೆರಗು ಸರಿಮಾಡಿಕೊಂಡಳು. "ಅವು ನನ್ನೂವು. ನಾ ಇಟಗೊಂಡೇನ್ರಿ. ಆಕೀನ ಮೂರ ವರ್ಷ ನೀವು ಒಯ್ತೀರಿ. ಎರಡ ವಾರ ನಾ ಇಟಗೊಂಡ್ರ ಏನ ತಪ್ಪರಿ?"

ಡಾಕ್ಟರು ಆಕೆಯ ಮುಖ ನೋಡಿದರು, ನನ್ನ ಮುಖ ನೋಡಿದರು, ಪೆನ್ನು ತೆಗೆದರು. ನಾಲ್ಕು ವಾರಗಳಲ್ಲಿ ಗುಣವಾಯಿತು ಎಂದು ಬರೆದು ಸಹಿ ಹಾಕಿ, ಶಾಯಿ ಆರಲೆಂದು ಹಾಳೆಯನ್ನು ಆಕೆಯ ಕೈಗೇ ಕೊಟ್ಟರು. ಅತ್ತೆ ಅದನ್ನು ಬಲಗೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಬೀಸಿದಳು. ಆಮೇಲೆ ಅದೇ ಕೈಯಿಂದ ನನಗೆ ಕೊಟ್ಟಳು.